ಕೋವಿಯಿಲ್ಲದ ಬೇಟೆ

ಮಾಗಿಯ ಚಳಿ ಹಿಂದೆಗೆದು ಬೇಸಗೆ ಕಾಲಿಡುವ ಹೊತ್ತಿಗೆ ಲಕ್ಕವಳ್ಳಿಯ ಭದ್ರಾ ಜಲಾಶಯದ ನೀರು ದಿನದಿನಕ್ಕೆ ಇಳಿಯತೊಡಗುತ್ತದೆ. 186 ಅಡಿಗಳ ಪೂರ್ಣಮಟ್ಟದಲ್ಲಿ ಮುಳುಗಿಹೋಗಿದ್ದ ಗುಡ್ಡಗಳ ನೆತ್ತಿಗಳು ಒಂದೊಂದಾಗಿ ತಲೆಯೆತ್ತಿ ಬೋಳು ನಡುಗಡ್ಡೆಗಳಾಗಿ ನಿಲ್ಲುತ್ತವೆ. ಆ ನಡುಗಡ್ಡೆಗಳ ಮೇಲೆ ಪ್ರತಿವರ್ಷವೂ ನದಿ ರೀವ ಎಂಬ ಹಕ್ಕಿಗಳು ಗುಂಪುಗುಂಪಾಗಿ ಬಂದಿಳಿದು, ಮೊಟ್ಟೆಯಿಟ್ಟು, ಮರಿಮಾಡಿ, ಮುಂಗಾರು ಹಿಡಿದು ನೀರೇರುವಷ್ಟರಲ್ಲಿ ತಮ್ಮ ಸಂಸಾರಕೃತ್ಯವನ್ನು ಮುಗಿಸಿಕೊಂಡು ಹೊರಡುತ್ತವೆ. ಇವುಗಳನ್ನು ನೋಡಲೆಂದೂ ಛಾಯಾಚಿತ್ರ ತೆಗೆಯಲೆಂದೂ ದೂರದೂರದಿಂದ ಜನರು ಬರುತ್ತಿರುವುದು ಸಂತೋಷದ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಸಂತೋಷದ ವೆಚ್ಚವನ್ನು ಯಾರು ತೆರುತ್ತಿದ್ದಾರೆಂಬುದನ್ನು ವಿಚಾರಮಾಡುವ ಕಾಲವೂ ಒದಗಿದೆ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ವಾಚಕರ ಮುಂದಿಡುತ್ತೇವೆ.

ಹಕ್ಕಿಯ ವೃತ್ತಾಂತವನ್ನು ತಿಳಿಯದೆ ಮುಂದಿನ ಮಾತು ಮನಸ್ಸಿಗೆ ಬಾರದು. ಆಂಗ್ಲರು ರಿವರ್ ಟರ್ನ್ ಎಂದು ಕರೆಯುವ ಈ ರೀವವು ಬೂದುಬಣ್ಣದ ಬೆನ್ನು, ಸಂತಾನಕಾಲದಲ್ಲಿ ಕರಿಯ ಟೋಪಿಯಿಟ್ಟಂತಹ ನೆತ್ತಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಬಾಲಗಳಿಂದ ಕೂಡಿದ ಸುಂದರ ಪಕ್ಷಿ. ಮೀನು ಇದರ ಮುಖ್ಯ ಆಹಾರ. ಗೂಡೆಂದು ಹೇಳಬಹುದಾದ ಯಾವ ಕಟ್ಟಡವನ್ನೂ ಇದು ಕಟ್ಟುವುದಿಲ್ಲ. ಬರಿಯ ನೆಲದಲ್ಲಿ, ಮರಳಿನಲ್ಲಿ, ಕಲ್ಲುಹರಳುಗಳ ನಡುವೆ ಚಿಕ್ಕದೊಂದು ಗುಳಿ ಮಾಡಿ ಎರಡೋ ಮೂರೋ ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯ ಬಣ್ಣವೂ ನೆಲದ ಬಣ್ಣವೂ ಒಂದೇ ಆಗಿರುವುದರಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತವನಿಗೂ ಅದು ಕಾಣಿಸದು. ಕಾಲಿನಡಿ ಸಿಕ್ಕಿದ ಮೇಲಷ್ಟೇ ಕಾಣಿಸೀತು. ಮರದ ನೆರಳಿಲ್ಲದ ಆ ಬೋಳುನೆಲವು ಮಾರ್ಚಿ, ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಹೇಗೆ ಕಾಯುತ್ತದೆಂಬುದನ್ನು ಊಹಿಸಬಹುದು. ಆ ಹೊತ್ತಿನಲ್ಲಿ ತಾಯಿಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡುವುದಕ್ಕಿಂತ ಹೆಚ್ಚಾಗಿ ನೆರಳು ಕೊಡುವುದಕ್ಕೆ. ಎದೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಮರಿಗಳಿಗೆ ತಂಪನ್ನೀಯುವುದೂ ಈ ಜಾತಿಯಲ್ಲಿ ಕಂಡುಬಂದಿದೆ.

ಹೀಗಿರಲು, ಯಂತ್ರದ ದೋಣಿಯೊಂದು ನಡುಗಡ್ಡೆಯ ಅಂಚಿಗೆ ಬಂದು ನಿಂತಿತೆನ್ನಿ. ಹಕ್ಕಿಗಳೆಲ್ಲವೂ ಒಮ್ಮೆಗೆ ಚೀರುತ್ತ ಮೇಲೇಳುತ್ತವೆ. ದೋಣಿಯಲ್ಲಿದ್ದವರಿಗೆ ಅದೊಂದು ಅದ್ಭುತ ನೋಟ. ಕ್ಯಾಮರಾಗಳು ನಿಮಿಷಕ್ಕೆ ನೂರಾರು ಚಿತ್ರಗಳನ್ನು ನುಂಗುತ್ತವೆ. ಆದರೆ ಆ ಹಕ್ಕಿಗಳು ಆಡುತ್ತಿಲ್ಲ, ಹೆದರಿವೆ. ಅವು ಮತ್ತೆ ನೆಲಕ್ಕಿಳಿಯುವವರೆಗೆ ಪ್ರತಿಯೊಂದು ಮೊಟ್ಟೆಯೂ ಬಿಸಿಲಿಗೆ ಬಿದ್ದಿರುತ್ತದೆ. ಕಾಗೆಗೂ ಹದ್ದಿಗೂ ಅಷ್ಟು ಸಮಯ ಧಾರಾಳವಾಗಿ ಸಾಕು. ಬೆದರಿದ ಮರಿ ತನ್ನ ಗುಳಿಯನ್ನು ಬಿಟ್ಟು ಓಡಿ ಪರರ ಗುಳಿಯ ಬಳಿ ಸೇರಿದರೆ ನೆರೆಯ ಹಕ್ಕಿಗಳು ಅದನ್ನು ಕುಕ್ಕುವುದುಂಟು. ಒಂದು ದೋಣಿ ಹೋಯಿತು, ಅರ್ಧ ಗಂಟೆಗೆ ಮತ್ತೊಂದು ಬಂದಿತು, ಮಧ್ಯಾಹ್ನದ ಮೇಲೆ ಮೂರನೆಯದು. ಪ್ರತಿಯೊಬ್ಬರೂ ತಾವು ಐದೇ ನಿಮಿಷ ನಿಂತೆವೆಂದು ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಹಕ್ಕಿ ಆ ಐದೈದು ನಿಮಿಷಗಳನ್ನೆಲ್ಲ ಕೂಡಿಸಿ ತೆರಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಅನ್ವಯಿಸುವ ಸಂದರ್ಭ ನಮಗೆ ತಿಳಿಯದು.

ಈ ಜಾತಿಯ ಸ್ಥಿತಿ ಬೇರೆಡೆಗಳಲ್ಲಿ ಹೇಗಿದೆಯೆಂದರೆ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ಅಪಾಯಕ್ಕೆ ಈಡಾಗಬಲ್ಲ ಜಾತಿಗಳ ಪಟ್ಟಿಗೆ ಸೇರಿಸಿದೆ. ನದಿಗಳ ನಡುವಣ ಮರಳುದಿಣ್ಣೆಗಳೇ ಇದರ ಸ್ವಾಭಾವಿಕ ತವರು. ಅಣೆಕಟ್ಟುಗಳೂ ಮರಳು ತೆಗೆಯುವವರೂ ಸೇರಿ ಆ ದಿಣ್ಣೆಗಳನ್ನು ಬಹುಮಟ್ಟಿಗೆ ಇಲ್ಲವಾಗಿಸಿದ ಮೇಲೆ, ಅಣೆಕಟ್ಟೊಂದು ತಾನಾಗಿ ಉಂಟುಮಾಡಿದ ನಡುಗಡ್ಡೆಗಳಲ್ಲೇ ಹಕ್ಕಿ ಆಶ್ರಯವನ್ನು ಹುಡುಕಿಕೊಂಡಿರುವುದು ವಿಚಿತ್ರವಾದರೂ ನಿಜ. ಲಕ್ಕವಳ್ಳಿಯಲ್ಲಿ ಸರ್ಕಾರದ ಒಡೆತನದ ಪ್ರವಾಸಿಗೃಹಕ್ಕೆ ಈ ಹಕ್ಕಿಯ ಹೆಸರನ್ನೇ ಇಟ್ಟಿದ್ದಾರೆ. ಹೆಸರನ್ನು ಸಾಲ ಪಡೆದವರಿಗೆ ಋಣವೂ ಉಂಟಷ್ಟೆ.

ಇನ್ನು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಬೇಟೆ ಎಂಬ ಶಬ್ದಕ್ಕೆ ಕೊಟ್ಟಿರುವ ಅರ್ಥವನ್ನು ನಮ್ಮ ಅಧಿಕಾರಿಗಳಲ್ಲಿ ಎಷ್ಟು ಮಂದಿ ಇತ್ತೀಚೆಗೆ ಓದಿದ್ದಾರೋ ತಿಳಿಯದು. ಕೊಲ್ಲುವುದು, ಹಿಡಿಯುವುದು, ಬಲೆಯೊಡ್ಡುವುದು ಬೇಟೆಯೆಂಬುದು ಎಲ್ಲರಿಗೂ ಗೊತ್ತು. ಆದರೆ ಅದೇ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆಗಳಿಗೆ ಹಾನಿಮಾಡುವುದು ಮಾತ್ರವಲ್ಲದೆ, ಅವುಗಳ ಮೊಟ್ಟೆಗಳನ್ನಾಗಲಿ ಗೂಡುಗಳನ್ನಾಗಲಿ ಕಲಕುವುದು ಸಹ ಬೇಟೆಯೆಂದು ಸ್ಪಷ್ಟವಾಗಿ ಹೇಳಿದೆ. ಕೈಯಲ್ಲಿ ಕೋವಿ ಇರಬೇಕೆಂದು ಅಲ್ಲಿ ಎಲ್ಲಿಯೂ ಬರೆದಿಲ್ಲ. ಅಭಯಾರಣ್ಯದೊಳಕ್ಕೆ ಛಾಯಾಗ್ರಹಣಕ್ಕಾಗಿ ಪ್ರವೇಶಪತ್ರವನ್ನು ಕೊಡುವ ಅಧಿಕಾರವು 28ನೆಯ ವಿಧಿಯ ಮೇರೆಗೆ ಮುಖ್ಯ ವನ್ಯಜೀವಿ ಪರಿಪಾಲಕರದು. 2022ರ ತಿದ್ದುಪಡಿಯಲ್ಲಿ ಆ ಛಾಯಾಗ್ರಹಣವು ನೆಲೆಯಲ್ಲಿ ಯಾವ ಬದಲಾವಣೆಯನ್ನೂ ಮಾಡದೆ, ನೆಲೆಗಾಗಲಿ ಪ್ರಾಣಿಗಳಿಗಾಗಲಿ ಪ್ರತಿಕೂಲವಾಗದೆ ನಡೆಯತಕ್ಕದ್ದೆಂದು ಸೇರಿಸಲಾಗಿದೆ. ಹೊಸ ಶಾಸನವನ್ನು ಯಾರೂ ಕೇಳಬೇಕಾಗಿಲ್ಲ. ಇರುವ ಶಾಸನವನ್ನು ಕ್ಯಾಮರಾ ಹಿಡಿದವನಿಗೂ ಅನ್ವಯಿಸಬೇಕೆಂಬುದಷ್ಟೇ ನಮ್ಮ ವಾದ. ಹುಂಡುಕೋಳಿಗೆ ಉರುಳಿಟ್ಟ ಬಡವನನ್ನು ಠಾಣೆಗೆ ಎಳೆದೊಯ್ಯುವುದು ಸುಲಭ. ಬೆಲೆಬಾಳುವ ಮಸೂರವನ್ನು ಹೊತ್ತು ಕಾರಿನಿಂದಿಳಿದ ಮಹನೀಯರಿಗೆ ದೋಣಿಯನ್ನು ಹಿಂದಕ್ಕೆ ತಿರುಗಿಸಿರೆಂದು ಹೇಳುವುದು ಕಷ್ಟ. ಈ ಕಷ್ಟವನ್ನು ವಹಿಸಿಕೊಳ್ಳುವುದಕ್ಕಾಗಿಯೇ ಅರಣ್ಯ ಖಾತೆಯಿರುವುದು.

ನಮ್ಮ ಕಾಫಿಸೀಮೆಗೆ ಬೇಟೆ ಹೊಸತಲ್ಲ. ಮಂಜರಾಬಾದಿನ ತೋಟದ ದೊರೆ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರು ಸೀಮೆಯ ತನ್ನ ಮೂವತ್ತೆಂಟು ವರ್ಷಗಳ ಅನುಭವವನ್ನು ಗ್ರಂಥವಾಗಿ ಪ್ರಕಟಿಸಿದಾಗ ಅದರ ಹೆಸರಿನಲ್ಲೇ ಚಿನ್ನ, ಬೇಟೆ, ಕಾಫಿ ಬೇಸಾಯ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದನು. ಬಿಳಿಯ ದೊರೆಗಳ ಬಂಗಲೆಗಳ ಗೋಡೆಗಳಲ್ಲಿ ಕಾಟಿಯ ಕೊಂಬುಗಳೂ ಹುಲಿಯ ಚರ್ಮಗಳೂ ಮೆರೆಯುತ್ತಿದ್ದ ಕಾಲವದು; ಆ ಪದ್ಧತಿಯನ್ನು ನಮ್ಮವರೂ ಹಿಂದೆಗೆಯದೆ ಕಲಿತರು. ಆ ಕಾಲ ಹೋಯಿತು. ಅದರ ಸ್ಥಾನದಲ್ಲಿ ಕ್ಯಾಮರಾ ಬಂದದ್ದು ದೇಶಕ್ಕೆ ದೊಡ್ಡ ಲಾಭವೇ ಸರಿ. ಆದರೆ ಗೋಡೆಗೆ ತೂಗುಹಾಕುವ ಹಂಬಲ ಮಾತ್ರ ಉಳಿದುಕೊಂಡಿದೆಯೇನೋ ಎಂಬ ಶಂಕೆ ನಮ್ಮನ್ನು ಬಿಡದು. ಮೊದಲು ನೋಡಿದವನು ತಾನೆಂದು, ಹತ್ತಿರದಿಂದ ತೆಗೆದವನು ತಾನೆಂದು ಹೇಳಿಕೊಳ್ಳುವ ಉತ್ಸಾಹದಲ್ಲಿ ಬೇಟೆಗಾರನ ದನಿಯೇ ಕೇಳಿಸುತ್ತದೆ.

ಇದಕ್ಕೆ ಪ್ರತಿಯಾಗಿ, ನಮ್ಮ ಹಿರಿಯ ಛಾಯಾಗ್ರಾಹಕರೂ ಗೂಡುಗಳ ಚಿತ್ರ ತೆಗೆಯಲಿಲ್ಲವೇ ಎಂದು ಕೇಳುವವರುಂಟು. ನಿಜ, ಆ ತಲೆಮಾರಿನಲ್ಲಿ ಗೂಡಿನ ಬಳಿ ಮರೆಯನ್ನು ಕಟ್ಟಿಕೊಂಡು ಕಾದು ಕುಳಿತು ಚಿತ್ರ ತೆಗೆಯುವುದು ಲೋಕದಲ್ಲೆಲ್ಲ ರೂಢಿಯಾಗಿತ್ತು. ಆದರೆ ಆಗ ಇಡೀ ಕರ್ನಾಟಕದಲ್ಲಿ ಆ ಕೆಲಸವನ್ನು ಕೈಗೊಂಡವರು ಎಷ್ಟು ಮಂದಿ? ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾಗಿ ಬೆರಳೆಣಿಕೆಯ ಹೆಸರುಗಳು. ಒಂದು ಸುರುಳಿಯಲ್ಲಿ ಮೂವತ್ತಾರು ಚಿತ್ರಗಳಷ್ಟೇ ಬೀಳುತ್ತಿದ್ದ ದಿನಗಳಲ್ಲಿ ಪ್ರತಿಯೊಂದು ಚಿತ್ರಕ್ಕೂ ಹಣ ತೆರಬೇಕಿತ್ತು, ಆದುದರಿಂದ ಕಾಯಬೇಕಿತ್ತು. ಮೂಡಿಗೆರೆಯ ತಮ್ಮ ಕಾಫಿತೋಟದಲ್ಲಿ ನೆಲಸಿ 2007ರಲ್ಲಿ ನಿಧನರಾಗುವವರೆಗೆ ಬರೆವಣಿಗೆಯೊಡನೆ ಹಕ್ಕಿಗಳ ಛಾಯಾಗ್ರಹಣವನ್ನೂ ನಡೆಸಿದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಿಗರಿಗೆ ಕೊಟ್ಟುಹೋದದ್ದು ಚಿತ್ರಗಳನ್ನಷ್ಟೇ ಅಲ್ಲ. ‘ಕನ್ನಡ ನಾಡಿನ ಹಕ್ಕಿಗಳು’ ಎಂಬ ಅವರ ಪುಸ್ತಕವನ್ನು ಕೈಯಲ್ಲಿ ಹಿಡಿದು ಎಷ್ಟೋ ಹಳ್ಳಿಯ ಹುಡುಗರು ತಮ್ಮ ಹಿತ್ತಲಿನ ಹಕ್ಕಿಗೆ ಮೊದಲ ಬಾರಿಗೆ ಕನ್ನಡದ ಹೆಸರನ್ನು ಕೂಡಿಸಿಕೊಂಡರು. ಅವರಲ್ಲಿ ಚಿತ್ರವು ನೋಟದ ಫಲವಾಗಿತ್ತು. ಈಗ ಚಿತ್ರಕ್ಕಾಗಿ ನೋಟವನ್ನೇ ಬಿಟ್ಟವರು ಹೆಚ್ಚುತ್ತಿದ್ದಾರೆ. ಹಕ್ಕಿಯ ಹೆಸರನ್ನು ದೋಣಿಯವನಿಂದ ಕೇಳಿಕೊಳ್ಳುತ್ತಾರೆ, ಅದು ಏನು ತಿನ್ನುತ್ತದೆಂಬುದನ್ನು ಕೇಳುವ ಗೋಜಿಗೂ ಹೋಗುವುದಿಲ್ಲ. ಇಂದು ಅನೇಕ ಸ್ಪರ್ಧೆಗಳವರೂ ಪತ್ರಿಕೆಗಳವರೂ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲವೆಂದು ನಿಯಮ ಮಾಡಿಕೊಂಡಿದ್ದಾರೆ. ಜ್ಞಾನವು ಬೆಳೆದಂತೆ ಆಚಾರವೂ ಬದಲಾಗುವುದು ಸಹಜ. ಹಿರಿಯರಿಗೆ ಇದರಿಂದ ಯಾವ ಕುಂದೂ ಇಲ್ಲ.

ದೋಣಿಯವರ, ಜೀಪಿನವರ, ತಂಗುಮನೆಗಳವರ ಜೀವನೋಪಾಯದ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಹಕ್ಕಿಯ ಹೆಸರಿನಲ್ಲಿ ಬಡವನ ಅನ್ನಕ್ಕೆ ಕಲ್ಲುಹಾಕಬೇಕೆಂದು ನಾವು ಹೇಳುವವರಲ್ಲ. ಆದರೆ ಸ್ವಲ್ಪ ಹತ್ತಿರ ಒಯ್ಯಪ್ಪಾ ಎಂದು ಕೈಗೆ ನೋಟು ತುರುಕುವವನ ಮುಂದೆ ದೋಣಿಯವನು ಎಷ್ಟು ಹೊತ್ತು ನಿಯಮವನ್ನು ಹಿಡಿದು ನಿಂತಾನು? ನಿಯಮವು ಅವನ ಬಾಯಲ್ಲಿ ಮಾತ್ರ ಇದ್ದರೆ ಸೋಲುತ್ತದೆ. ನೀರಿನ ಮೇಲೆ ಕಣ್ಣಿಗೆ ಕಾಣುವಂತೆ ಇದ್ದರೆ ನಿಲ್ಲುತ್ತದೆ. ನಡುಗಡ್ಡೆಗಳ ಸುತ್ತ ಸಾಕಷ್ಟು ದೂರದಲ್ಲಿ ತೇಲುಗುರುತುಗಳ ಸಾಲೊಂದನ್ನು ಬಿಡಿಸಿ, ಮೊಟ್ಟೆಮರಿಗಳ ತಿಂಗಳುಗಳಲ್ಲಿ ಆ ಗೆರೆಯನ್ನು ದಾಟಿದ ದೋಣಿಯ ಪರವಾನಗಿ ಹೋಗುತ್ತದೆಂದು ಸಾರಿದರೆ, ಆಗ ದೋಣಿಯವನು ಸಾಹೇಬರ ಮುಂದೆ ಗೆರೆಯನ್ನು ತೋರಿಸಿ ಸುಮ್ಮನಿರಬಹುದು. ಆ ಗೆರೆಯ ಹೊರಗಿನಿಂದ ಕಾಣುವ ನೋಟವೇನೂ ಕಡಿಮೆಯದಲ್ಲ. ದೂರವನ್ನು ಹತ್ತಿರ ಮಾಡುವುದಕ್ಕೇ ಅಲ್ಲವೆ ಅಷ್ಟುದ್ದದ ಮಸೂರವನ್ನು ಕೊಂಡದ್ದು? ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ, ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಮೈಸೂರು ಸರ್ಕಾರವು ಪಕ್ಷಿಧಾಮವನ್ನು ಸ್ಥಾಪಿಸಿದ ಸ್ಥಳದಲ್ಲಿ, ಹುಟ್ಟುಹಾಕುವ ದೋಣಿಗಳಲ್ಲಿ ಜನರು ಮೆಲ್ಲನೆ ಸಾಗಿ ಹಕ್ಕಿಗಳನ್ನು ಕಣ್ತುಂಬ ನೋಡಿ ಬರುತ್ತಾರೆ. ಅಲ್ಲಿ ಸಾಧ್ಯವಾದ ನಿಧಾನ ಇಲ್ಲಿ ಅಸಾಧ್ಯವಾಗಬೇಕಾದ ಕಾರಣ ನಮಗೆ ಕಾಣುವುದಿಲ್ಲ. ಡ್ರೋನುಗಳ ವಿಷಯದಲ್ಲಂತೂ ಯಾವ ರಿಯಾಯಿತಿಯೂ ಸಲ್ಲದು.

ಜಲಾಶಯದಿಂದ ಹೊಳೆಗುಂಟ ಮೇಲಕ್ಕೆ ಹೋದರೆ ಭದ್ರೆಯು ಬಾಳೆಹೊನ್ನೂರು, ಕಳಸಗಳನ್ನು ಹಾದು ಕುದುರೆಮುಖದ ಗಂಗಾಮೂಲಕ್ಕೆ ಮುಟ್ಟುತ್ತದೆ. ಅಲ್ಲಿನ ಕಬ್ಬಿಣದ ಗಣಿಯು ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಅಂತ್ಯಕ್ಕೆ ನಿಂತುದು ವಾಚಕರಿಗೆ ನೆನಪಿರಬಹುದು. ಆ ಬೆಟ್ಟಗಳ ತಪ್ಪಲಿನಲ್ಲಿ, ಮೂಡಿಗೆರೆಯ ಕಾಫಿತೋಟಗಳ ನಡುವಣ ಹಳ್ಳಗಳಲ್ಲಿ, ಪ್ರವಾಸಿಗರ ಪಟ್ಟಿಯಲ್ಲಿ ಈವರೆಗೆ ಮೇಲಿನ ಸ್ಥಾನ ಸಿಕ್ಕದ ಜೀವಿಯೊಂದಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು 1937ರಲ್ಲಿ ಚಾರ್ಮಾಡಿ ಘಾಟಿಯ ನೆತ್ತಿಯ ಕೊಟ್ಟಿಗೆಹಾರದಿಂದ ಒಂದು ಪುಟ್ಟ ಕಪ್ಪೆಯನ್ನು ವರ್ಣಿಸಿ ಅದಕ್ಕೆ ಆ ಊರಿನ ಹೆಸರನ್ನೇ ಕೊಟ್ಟರು. ಅವರು ಕೂಡಿಟ್ಟಿದ್ದ ಮಾದರಿಗಳು ಕಾಲಕ್ರಮದಲ್ಲಿ ಕಳೆದುಹೋದವು, ಬರೆದಿಟ್ಟುದು ಉಳಿಯಿತು. ಈ ಕುಲದ ಗಂಡುಗಳು ಹಳ್ಳದ ಭೋರ್ಗರೆತದಲ್ಲಿ ತಮ್ಮ ಕೂಗು ಕೇಳಿಸದೆಂದೋ ಏನೋ, ಹಿಂಗಾಲನ್ನು ಚಾಚಿ ಬೀಸಿ ಸಂಜ್ಞೆ ಮಾಡುತ್ತವೆ. ಆದುದರಿಂದ ಇವನ್ನು ಕುಣಿಯುವ ಕಪ್ಪೆಗಳೆಂದು ಕರೆಯುವುದುಂಟು. 2014ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಪಶ್ಚಿಮಘಟ್ಟಗಳಿಂದ ಈ ಕುಲದ ಹದಿನಾಲ್ಕು ಹೊಸ ಜಾತಿಗಳನ್ನು ಒಮ್ಮೆಗೇ ಪ್ರಕಟಿಸಿದ ಮೇಲೆ ಕಪ್ಪೆಯ ಕುಣಿತಕ್ಕೆ ಲೋಕಪ್ರಸಿದ್ಧಿ ಬಂದಿತು.

ಪ್ರಸಿದ್ಧಿಯ ಹಿಂದೆಯೇ ಮಳೆಗಾಲದ ರಾತ್ರಿಗಳಲ್ಲಿ ಕೈದೀಪಗಳ ಗುಂಪುಗಳು ಹಳ್ಳಗಳಿಗೆ ಇಳಿಯತೊಡಗಿವೆ. ಕಪ್ಪೆಯನ್ನು ಹಿಡಿದು ಚೆಂದದ ಎಲೆಯ ಮೇಲೆ ಕೂರಿಸುವುದು, ಹಾವನ್ನು ಕೊಂಬೆಯಿಂದ ಕೊಂಬೆಗೆ ಬದಲಿಸುವುದು, ಕಲ್ಲುಗಳನ್ನು ಮಗುಚುವುದು, ಕಣ್ಣು ಕುಕ್ಕುವ ಬೆಳಕನ್ನು ಮತ್ತೆ ಮತ್ತೆ ಎರಚುವುದು, ಇವೆಲ್ಲ ಆ ವಿದ್ಯೆಯ ಅಂಗಗಳಾಗಿಬಿಟ್ಟಿವೆ. ಈ ಕುಲದ ಕೆಲವು ಜಾತಿಗಳಲ್ಲಿ ಹೆಣ್ಣು ಹಿಂಗಾಲುಗಳಿಂದ ಹಳ್ಳದ ತಳದ ಮರಳುಗಲ್ಲನ್ನು ಕೆದರಿ ಅಲ್ಲಿ ಮೊಟ್ಟೆಯಿಟ್ಟು ಮುಚ್ಚುತ್ತದೆಂಬುದನ್ನು ಶಾಸ್ತ್ರಜ್ಞರು ಕಂಡಿದ್ದಾರೆ. ಅಂದಮೇಲೆ ಹಳ್ಳದಲ್ಲಿ ಬೂಟುಗಾಲಿನಿಂದ ಓಡಾಡುವವನು ಯಾವುದನ್ನು ತುಳಿಯುತ್ತಿದ್ದಾನೆಂಬುದು ಅವನಿಗೇ ಗೊತ್ತಾಗುವುದಿಲ್ಲ. ಕಪ್ಪೆಗಳ ಚರ್ಮಕ್ಕೆ ತಗಲಿ ಪರದೇಶಗಳಲ್ಲಿ ಎಷ್ಟೋ ಜಾತಿಗಳನ್ನು ನಿರ್ನಾಮ ಮಾಡಿದ ಬೂಷ್ಟುರೋಗವೊಂದು ನಮ್ಮ ಘಟ್ಟಗಳ ಕಪ್ಪೆಗಳಲ್ಲಿಯೂ ಪತ್ತೆಯಾಗಿದೆ. ಒದ್ದೆ ಬೂಟುಗಳ ಮೂಲಕ ಅಂತಹುದು ಹಳ್ಳದಿಂದ ಹಳ್ಳಕ್ಕೆ ಹರಡಬಲ್ಲುದು. ಹಳ್ಳಕ್ಕೆ ಇಳಿಯದೆ ದಡದಲ್ಲೇ ನಿಂತು ನೋಡಿರೆಂದರೆ ಅದೇನು ಮಹಾತ್ಯಾಗವೇ?

ಇಷ್ಟಕ್ಕೂ ಈ ಹಳ್ಳಗಳು ಯಾವ ಅಭಯಾರಣ್ಯದಲ್ಲಿವೆ? ಬಹುಪಾಲು ಯಾರಲ್ಲಿಯೂ ಇಲ್ಲ, ತೋಟಗಳ ಒಳಗಿವೆ. ಈ ಮಾತನ್ನು ನಾವು ವಿಶೇಷವಾಗಿ ಒತ್ತಿಹೇಳಬೇಕಾಗಿದೆ. 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳನ್ನು ತೆರೆದು ನೋಡಿದರೆ ಜೌಗುಭೂಮಿಯ ವ್ಯಾಖ್ಯೆಯಿಂದ ನದಿಯ ಪಾತ್ರಗಳನ್ನು ತೆಗೆದಿದೆ, ಭತ್ತದ ಗದ್ದೆಗಳನ್ನು ತೆಗೆದಿದೆ, ನೀರಾವರಿಗೆಂದೇ ಮನುಷ್ಯರು ಕಟ್ಟಿದ ಕೆರೆಗಳನ್ನೂ ತೆಗೆದಿದೆ. ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಉಳಿದುದೇನು? ಸಖರಾಯಪಟ್ಟಣದ ಅಯ್ಯನಕೆರೆ, ಕಡೂರು ಸೀಮೆಯ ಮದಗದಕೆರೆ, ಮಲೆನಾಡಿನ ಕಣಿವೆಗಳ ಗದ್ದೆಗಳು, ಎಲ್ಲವೂ ಮನುಷ್ಯನ ಕೈ ಸೋಕಿದವೇ. ಈ ದೇಶದಲ್ಲಿ ಹಕ್ಕಿ ಬಂದು ಕೂತ ನೀರಿನಲ್ಲಿ ಹೆಚ್ಚಿನದು ನಮ್ಮ ಹಿರಿಯರು ಕಟ್ಟಿದ ಕೆರೆಯ ನೀರು. 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಮಾಗಡಿಕೆರೆ, ಅಘನಾಶಿನಿಯ ಅಳಿವೆ ಎಂಬ ನಾಲ್ಕು ತಾಣಗಳಿಗೆ ರಾಮ್ಸಾರ್ ಒಪ್ಪಂದದ ಗೌರವ ದೊರೆತಾಗ ನಾವೆಲ್ಲರೂ ಹಿಗ್ಗಿದೆವು. ಅವುಗಳಲ್ಲಿ ಅಂಕಸಮುದ್ರವೂ ಮಾಗಡಿಯೂ ಊರ ಕೆರೆಗಳೇ ಎಂಬುದನ್ನು ಗಮನಿಸಿದವರು ಕಡಿಮೆ.

ಮಲೆನಾಡಿನಲ್ಲಿ ಗದ್ದೆಯ ಬೇಸಾಯ ಕೈಗೆ ಹತ್ತದೆ ಹಡ್ಲು ಬಿದ್ದ ಕಣಿವೆಗಳಿಗೆ ಅಡಕೆಯೂ ಶುಂಠಿಯೂ ನುಗ್ಗುತ್ತಿವೆ. ಬೆಳ್ಳಕ್ಕಿ, ಹುಂಡುಕೋಳಿ, ಮಿಂಚುಳ್ಳಿಗಳ ಮೇವಿನ ನೆಲ ಅದರೊಡನೆ ಬತ್ತುತ್ತದೆ. ಕಾಫಿಯ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಲ್ಪರಿನ ನೀರನ್ನು ಸಂಸ್ಕರಿಸದೆ ಹಳ್ಳಕ್ಕೆ ಬಿಟ್ಟರೆ ಅದು ಕೊಳೆಯುತ್ತ ನೀರಿನಲ್ಲಿಯ ಪ್ರಾಣವಾಯುವನ್ನು ಹೀರಿಬಿಡುತ್ತದೆ. ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ಪಂಪುಗಳು ಆ ಹಳ್ಳದ ಉಳಿದ ನೀರನ್ನೂ ತೋಟಕ್ಕೆ ಎತ್ತುತ್ತವೆ. ತೋಟದವರ ಕಷ್ಟ ನಮಗೆ ತಿಳಿಯದೆ ಇಲ್ಲ. ಹೂವರಳುವ ವಾರದಲ್ಲಿ ನೀರಿಲ್ಲದಿದ್ದರೆ ವರ್ಷದ ಫಸಲೇ ಹೋದೀತು. ಆದರೂ ತಮ್ಮ ತೋಟದ ಹಕ್ಕಿಕಪ್ಪೆಗಳನ್ನು ತೋರಿಸುವೆವೆಂದು ಅತಿಥಿಗಳನ್ನು ಕರೆಯುವ ತಂಗುಮನೆಗಳ ಯಜಮಾನರು ಪಲ್ಪರಿನ ನೀರು ಎಲ್ಲಿಗೆ ಹರಿಯುತ್ತದೆಂಬುದನ್ನೂ ಅತಿಥಿಗಳಿಗೆ ತೋರಿಸುವಂತಿದ್ದರೆ ಒಳ್ಳೆಯದು. ಛಾಯಾಗ್ರಾಹಕರು ತಮ್ಮ ಕ್ಯಾಮರಾವನ್ನು ಒಮ್ಮೊಮ್ಮೆ ಆ ಕಡೆಗೂ ತಿರುಗಿಸಬಾರದೇಕೆ? ದಿನಾಂಕ, ಸ್ಥಳ, ಸಂಖ್ಯೆಗಳೊಡನೆ ಬರೆದಿಟ್ಟ ಸಾಧಾರಣ ಚಿತ್ರವೊಂದು ಬಹುಮಾನ ಪಡೆದ ಚಿತ್ರಕ್ಕಿಂತ ಹೆಚ್ಚು ಕೆಲಸ ಮಾಡಬಲ್ಲುದು. 1987ರಿಂದ ಜನವರಿ ತಿಂಗಳಲ್ಲಿ ನಡೆದುಬಂದಿರುವ ಏಷ್ಯಾದ ನೀರುಹಕ್ಕಿಗಳ ಗಣತಿಗೆ ನಮ್ಮ ಜಿಲ್ಲೆಯ ಕೆರೆಗಳಿಂದ ಲೆಕ್ಕ ಒದಗಿಸುವವರು ಇನ್ನೂ ಬೇಕಾಗಿದ್ದಾರೆ.

ಜನರು ಮನಸ್ಸು ಮಾಡಿದರೆ ಏನಾಗಬಲ್ಲುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಕೊಕ್ಕರೆಗಳೂ ಮನೆಯ ಮುಂದಿನ ಮರಗಳಲ್ಲೇ ಗೂಡುಕಟ್ಟುತ್ತವೆ, ಊರವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ ಕಾಯುತ್ತಾರೆ. ನಮ್ಮ ಜಿಲ್ಲೆಯ ಶೃಂಗೇರಿಯಲ್ಲಿ ತುಂಗೆಯ ಮಡುವಿನ ಮೀನಿಗೆ ಗಾಳ ಹಾಕುವ ಧೈರ್ಯ ಯಾರಿಗೂ ಇಲ್ಲ. ಅಲ್ಲಿ ಕಾವಲುಗಾರನೂ ಬೇಕಾಗಿಲ್ಲ. ಭದ್ರೆಯ ನಡುಗಡ್ಡೆಗಳಿಗೆ ಅಂತಹ ದೇವರಿಲ್ಲದಿರುವುದರಿಂದ ಸರ್ಕಾರದ ಆಜ್ಞೆಯೇ ಗತಿ.

ಆದುದರಿಂದ ಅರಣ್ಯ ಖಾತೆಯವರೂ ಜಲಾಶಯದ ಆಡಳಿತವನ್ನು ನೋಡಿಕೊಳ್ಳುವ ನೀರಾವರಿ ಖಾತೆಯವರೂ ಒಂದೆಡೆ ಕುಳಿತು, ಮುಂದಿನ ಬೇಸಗೆಗೆ ನೀರಿಳಿದು ಮೊದಲ ನಡುಗಡ್ಡೆ ಕಾಣಿಸಿಕೊಳ್ಳುವ ಮುನ್ನವೇ 28ನೆಯ ವಿಧಿಯ ಪ್ರವೇಶಪತ್ರಗಳಿಗೆ ಸಂತಾನಕಾಲದ ನಿಬಂಧನೆಗಳನ್ನು ಸೇರಿಸಬೇಕೆಂದೂ, ತೇಲುಗುರುತುಗಳನ್ನು ಹಾಕಿಸಬೇಕೆಂದೂ ವಿಜ್ಞಾಪಿಸಿಕೊಳ್ಳುತ್ತೇವೆ. ನೀರು ತೀರ ಇಳಿದು ನಡುಗಡ್ಡೆಗಳು ದಡಕ್ಕೆ ಕೂಡಿಕೊಂಡ ವರ್ಷ ನಾಯಿನರಿಗಳು ನಡೆದುಬರುವ ಅಪಾಯವಿರುವುದರಿಂದ ಆ ದಿನಗಳಿಗೆ ಕಾವಲಿನವರನ್ನು ನೇಮಿಸುವುದೂ ಅವಶ್ಯಕ. ಮಾಡಿದ ಆಜ್ಞೆಯ ಪ್ರತಿಯನ್ನು ಬೆಂಗಳೂರಿನ ಕಚೇರಿಯ ಕಡತದಲ್ಲಿ ಇಡುವುದರ ಜೊತೆಗೆ, ಲಕ್ಕವಳ್ಳಿಯ ದೋಣಿಗಟ್ಟೆಯಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಯಿಸಿ ನಿಲ್ಲಿಸತಕ್ಕದ್ದು.